ಹೆಂಡತಿಯನ್ನು ಕರೆಸಿಕೊಳ್ಳಲು ಒಬ್ಬನ ಪಗಾರವೇ ಯಾಕೆ?

ಬ್ರಿಟನ್ನಿನಲ್ಲಿ ನೆಲೆಸಿದವರು ಊರಿನಿಂದ ಹೆಂಡತಿಯನ್ನೋ ಗಂಡನನ್ನೋ ಕರೆಸಿಕೊಳ್ಳಬೇಕಾದರೆ ವರ್ಷಕ್ಕೆ 29,000 ಪೌಂಡ್ ಆದಾಯ ತೋರಿಸಬೇಕು. 2024ರ ಏಪ್ರಿಲ್ 11ರಿಂದ ಹೀಗಿದೆ. ಅದಕ್ಕೂ ಮುಂಚೆ, 2012ರಿಂದ, 18,600 ಇತ್ತು. 38,700ರವರೆಗೂ ಏರಿಸುವ ಯೋಚನೆ ಇತ್ತು. ಸರ್ಕಾರ ಬದಲಾದ ಮೇಲೆ ಅದು ನಿಂತಿತು. ನಾನು ಜಮಖಂಡಿ ಕಡೆಯವನು, ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಈ ಮೊತ್ತ ಜಾಸ್ತಿಯೇ ಆಯಿತು ಅನ್ನುವುದು ನನ್ನ ಮಾತು. ಅದಕ್ಕಿಂತ ದೊಡ್ಡ ತಕರಾರು, ಅದನ್ನು ಒಬ್ಬನ ಪಗಾರದಿಂದಲೇ ಮುಟ್ಟಬೇಕು ಅನ್ನುವುದರ ಬಗ್ಗೆ.

ನಮ್ಮ ಸಂಬಂಧಿಕರ ಹುಡುಗನೊಬ್ಬ ಇಲ್ಲಿ ವೃದ್ಧರ ಆರೈಕೆ ಮನೆಯಲ್ಲಿ ಕೆಲಸ ಮಾಡುತ್ತಾನೆ. ಮುಧೋಳ ತಾಲ್ಲೂಕಿನವನು, ಇಲ್ಲಿಯೇ ಕಾಯಂ ಇರುವ ಹಕ್ಕು ಪಡೆದವನು. ಹೋದ ವರ್ಷ ಬನಹಟ್ಟಿಯ ಹುಡುಗಿಯ ಜೊತೆ ಮದುವೆಯಾಯಿತು. ಇಲ್ಲಿಯ ಕನಿಷ್ಠ ಕೂಲಿ 2025ರ ಏಪ್ರಿಲ್‌ನಲ್ಲಿ ಗಂಟೆಗೆ 12.21 ಪೌಂಡ್ ಆಯಿತು. ಆ ದರದಲ್ಲಿ ವಾರಕ್ಕೆ 37.5 ಗಂಟೆಯಂತೆ ವರ್ಷಪೂರ್ತಿ ದುಡಿದರೂ ಸುಮಾರು 23,800 ಪೌಂಡ್ ಆಗುತ್ತದೆ, ಅಷ್ಟೇ. ಅಂದರೆ ರಜೆ ಹಾಕದೆ, ಯಾರ ಹಂಗಿಗೂ ಬೀಳದೆ ದುಡಿಯುವ ಮನುಷ್ಯನಿಗೂ ಹೆಂಡತಿಯ ಜೊತೆ ಇರುವ ಅರ್ಹತೆ ಇಲ್ಲ ಅಂತಾಯಿತು. ಹುಡುಗ ಈಗ ರಾತ್ರಿ ಪಾಳಿಯನ್ನೂ ಹಿಡಿದಿದ್ದಾನೆ.

ಬರೀ ದುಡಿದರೂ ಸಾಲದು. ಆರು ತಿಂಗಳ ಪೇ ಸ್ಲಿಪ್ ಬೇಕು. ಪ್ರತಿ ಪೇ ಸ್ಲಿಪ್ಪಿನಲ್ಲಿರುವ ಕೈಗೆ ಬಂದ ಹಣ ಬ್ಯಾಂಕ್ ಸ್ಟೇಟ್‌ಮೆಂಟಿನ ಜಮಾಕ್ಕೆ ತಾಳೆಯಾಗಬೇಕು. ಜೊತೆಗೆ ಮಾಲೀಕರ ಪತ್ರ. ಮೊನ್ನೆ ಅವನು ಎಲ್ಲವನ್ನೂ ನನ್ನ ಅಡುಗೆಮನೆಯ ಮೇಜಿನ ಮೇಲೆ ಹರವಿದ್ದ. ಹಳದಿ ಹೈಲೈಟರ್ ಹಿಡಿದು ಸಾಲು ಸಾಲು ಗುರುತು ಹಾಕುತ್ತಾ ಕೂತಿದ್ದ. ಒಂದು ತಿಂಗಳ ಓವರ್‌ಟೈಮ್ ಹಣ ಮುಂದಿನ ತಿಂಗಳ ಪಗಾರದಲ್ಲಿ ಬಂದಿತ್ತು. ಅದನ್ನು ಹೇಗೆ ವಿವರಿಸಬೇಕು ಅನ್ನುವುದೇ ಆ ಸಂಜೆಯ ಚಿಂತೆ.

ಅಷ್ಟರಲ್ಲಿ ಅವರಪ್ಪನ ಫೋನ್ ಬಂತು. ಅವರಿಗೆ ಇದು ತಲೆಗೆ ಹೋಗುತ್ತಿಲ್ಲ. "ತಮ್ಮಾ, ಹನ್ನೆರಡು ಎಕರೆ ಕಬ್ಬು ಐತಿ, ಎರಡು ಬೋರ್ ಅದಾವು, ಊರಾಗ ಮನಿ ಐತಿ. ಇಷ್ಟ ಇದ್ದ ಮ್ಯಾಲೂ ನಮ್ಮ ಸೊಸೀನ ಕಳಸಾಕ ಅವರಿಗೇನ ತ್ರಾಸ? ನಾವು ಅದೀವಲ್ಲ!" ಅಂದರು. "ಕಾಕಾ, ಇವರು ನಿಮ್ಮನ್ನ ಕೇಳಂಗಿಲ್ಲ, ಅವನೊಬ್ಬನ್ನ ಕೇಳ್ತಾರ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

"ನಾವು ಅದೀವಲ್ಲ" ಅನ್ನುವುದು ನಮ್ಮ ಕಡೆ ಬಾಯಿಮಾತಲ್ಲ. ಸಹಕಾರಿ ಸೊಸೈಟಿಯಲ್ಲಿ ಸಾಲ ತೆಗೆದವರಿಗೆಲ್ಲ ಗೊತ್ತು. ಹೊಲದ ಉತಾರಿ (ಪಹಣಿ) ತಂದರಾಯಿತು ಅಂತಿಲ್ಲ, ಇಬ್ಬರು ಜಾಮೀನುದಾರರನ್ನೂ ಕರೆತರಬೇಕು. ಅಣ್ಣನೋ, ಮಾವನೋ, ಪಕ್ಕದ ಹೊಲದವನೋ ಬಂದು ಸಹಿ ಮಾಡುತ್ತಾನೆ. ಸಾಲ ತೆಗೆದವನು ಕೈ ಎತ್ತಿದರೆ ನೋಟಿಸ್ ಬರುವುದು ಜಾಮೀನು ನಿಂತವನ ಮನೆಗೆ. ಅಣ್ಣತಮ್ಮಂದಿರ ನಡುವೆ ಇದರಿಂದ ಮಾತು ನಿಂತ ಮನೆಗಳೂ ಇವೆ. ಆದರೂ ಜನ ನಿಲ್ಲುತ್ತಾರೆ. ಒಬ್ಬನ ದುಡಿಮೆ ಮಳೆ, ಬೆಲೆ, ಕಾರ್ಖಾನೆಯ ಬಿಲ್ಲು ಇವನ್ನೆಲ್ಲ ನಂಬಿಕೊಂಡಿರುತ್ತದೆ ಅಂತ ಅವರಿಗೆ ಗೊತ್ತು. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಎಷ್ಟು ತಡವಾಗಿ ಬರುತ್ತದೆ ಅಂತ ಬಾಗಲಕೋಟೆ, ಬೆಳಗಾವಿ ಜಿಲ್ಲೆಯ ರೈತರನ್ನೇ ಕೇಳಬೇಕು. ಅದಕ್ಕೇ ನಮ್ಮಲ್ಲಿ ಒಬ್ಬನನ್ನು ಅಳೆಯುವಾಗ ಅವನ ಬೆನ್ನಿಗೆ ಯಾರಿದ್ದಾರೆ ಅಂತಲೂ ನೋಡುತ್ತಾರೆ.

ಬ್ರಿಟನ್ ಇದನ್ನು ನೋಡುವುದಿಲ್ಲ. ಕಾಕಾನ ಹನ್ನೆರಡು ಎಕರೆ ಅದರ ಲೆಕ್ಕದಲ್ಲಿ ಸೊನ್ನೆ. ಉಳಿತಾಯದ ಹಣ ತೋರಿಸುವ ದಾರಿ ಇದೆ, ಆದರೆ ಅದು ಶ್ರೀಮಂತರ ದಾರಿ. ಮೊದಲ 16,000 ಪೌಂಡನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದರ ಮೇಲೆ, ಪಗಾರದಲ್ಲಿ ಎಷ್ಟು ಕಡಿಮೆ ಬಿದ್ದಿದೆಯೋ ಅದರ ಎರಡೂವರೆ ಪಟ್ಟು ಇರಬೇಕು. ಪಗಾರವೇ ಇಲ್ಲದಿದ್ದರೆ 88,500 ಪೌಂಡ್ ತೋರಿಸಬೇಕು, ರೂಪಾಯಿಯಲ್ಲಿ ಹತ್ತಿರ ಹತ್ತಿರ ಒಂದು ಕೋಟಿ. ಅಪ್ಪ ಮಗನಿಗೆ ದುಡ್ಡು ಕೊಡಬಹುದು. ಆದರೆ ಅದು ಸಾಲ ಆಗಿರಬಾರದು, ಗಂಡ ಹೆಂಡತಿಯ ಕೈಯಲ್ಲೇ ಆರು ತಿಂಗಳು ಇರಬೇಕು. ಹಾಗಂತ ಕಾಕಾ ನೀರಾವರಿ ಹೊಲ ಮಾರಬೇಕಾ? ಸೊಸೆ ಗಂಡನ ಮನೆ ಸೇರಲಿ ಅಂತ ತಲೆಮಾರಿನ ಹೊಲ ಮಾರಿಸುವ ನಿಯಮ ನನಗಂತೂ ಸರಿ ಕಾಣುವುದಿಲ್ಲ.

ಅಮೆರಿಕದ ರೀತಿ ನಮ್ಮ ಸೊಸೈಟಿಗೆ ಹತ್ತಿರ. ಅಲ್ಲೂ ಆದಾಯ ತೋರಿಸಬೇಕು, ಬಡತನದ ಗೆರೆಯ ಶೇಕಡಾ 125ರಷ್ಟು. ಇಬ್ಬರ ಮನೆಗೆ 2025ರ ಲೆಕ್ಕದಲ್ಲಿ ಸುಮಾರು 26,400 ಡಾಲರ್. ಅಷ್ಟು ಇಲ್ಲದಿದ್ದರೆ ಅಲ್ಲಿ ವಾಸವಿರುವ ಇನ್ನೊಬ್ಬ ಪ್ರಜೆ ಅಥವಾ ಗ್ರೀನ್ ಕಾರ್ಡ್ ಇರುವವರು ಜೊತೆಗೆ ಜಾಮೀನು ನಿಲ್ಲಬಹುದು. ಅವರು ನೆಂಟರೇ ಆಗಿರಬೇಕು ಅಂತಿಲ್ಲ. ಕೆನಡಾದಲ್ಲಂತೂ ಹೆಂಡತಿ ಅಥವಾ ಗಂಡನನ್ನು ಕರೆಸಿಕೊಳ್ಳಲು ಸಾಮಾನ್ಯವಾಗಿ ಆದಾಯದ ಮಿತಿಯೇ ಇಲ್ಲ. ಮೂರು ವರ್ಷ ನೋಡಿಕೊಳ್ಳುತ್ತೇನೆ ಅಂತ ಬರೆದುಕೊಡಬೇಕು.

ಬ್ರಿಟನ್ನಿಗೂ ಇದು ಹೊಸದಲ್ಲ. ಬೇರೆಯವರು ಕೊಡುವ ಆಸರೆಯನ್ನೂ ಲೆಕ್ಕಕ್ಕೆ ಹಿಡಿಯಬಹುದು ಅಂತ 2009ರಲ್ಲಿ ಇಲ್ಲಿಯ ಸುಪ್ರೀಂ ಕೋರ್ಟೇ ಹೇಳಿತ್ತು. 2012ರ ನಿಯಮ ಆ ಬಾಗಿಲು ಹಾಕಿತು. 2017ರಲ್ಲಿ ಅದೇ ಕೋರ್ಟು ಆದಾಯದ ಮಿತಿ ತಪ್ಪಲ್ಲ ಅಂದಿತು, ಆದರೆ ಮಕ್ಕಳ ಹಿತ ನೋಡಲೇಬೇಕು ಅಂತಲೂ ಹೇಳಿತು. ಆಮೇಲೆ ತೀರಾ ವಿಶೇಷ ಸಂದರ್ಭಗಳಲ್ಲಿ ಬೇರೆಯವರ ಆಸರೆಯನ್ನು ನೋಡುವುದು ಮತ್ತೆ ಶುರುವಾಯಿತು. ಅಂದರೆ ಹೇಗೆ ಪರಿಶೀಲಿಸಬೇಕು ಅಂತ ಅವರಿಗೆ ಗೊತ್ತಿದೆ. ಎಲ್ಲರಿಗೂ ಆ ದಾರಿ ಬಿಡಲಿ ಅಂತಷ್ಟೇ ನಾನು ಕೇಳುತ್ತಿರುವುದು.

ಬಂದವರು ತೆರಿಗೆದಾರರ ಮೇಲೆ ಭಾರವಾಗಬಾರದು ಅನ್ನುವುದು ಸರ್ಕಾರದ ವಾದ. ಅದು ನ್ಯಾಯವಾದ ಮಾತೇ. ಆದರೆ ಸಂಗಾತಿ ವೀಸಾದ ಮೇಲೆ ಬಂದವರಿಗೆ ಸರ್ಕಾರಿ ಭತ್ಯೆ ಮೊದಲೇ ಇಲ್ಲ. ಆರೋಗ್ಯದ ಶುಲ್ಕ ಅಂತ ವರ್ಷಕ್ಕೆ 1,035 ಪೌಂಡಿನಂತೆ ಮುಂಗಡವಾಗಿಯೇ ತೆಗೆದುಕೊಳ್ಳುತ್ತಾರೆ. ಇಷ್ಟೆಲ್ಲ ಕಾವಲು ಇದ್ದ ಮೇಲೆ ಜಾಮೀನು ನಿಲ್ಲಲು ಬಂದ ಇಲ್ಲಿಯ ಅಣ್ಣನನ್ನೋ ಅತ್ತೆಯನ್ನೋ ಯಾಕೆ ವಾಪಸ್ ಕಳಿಸಬೇಕು?

ಹಾಗಂತ ನಮ್ಮ ಊರಿನ ರೀತಿ ಪೂರ್ತಿ ಸರಿ ಅಂತಲೂ ನಾನು ಹೇಳಲಾರೆ. ನಮ್ಮಲ್ಲಿ ಸಾಲಕ್ಕೆ ಜಾಮೀನು ಕಾಗದದ ಮೇಲೆ ಇರುತ್ತದೆ, ಸೊಸೆಗೆ ಮಾತ್ರ ಹಿರಿಯರ ಮುಂದಿನ ಮಾತು. "ನಿಮ್ಮ ಮಗಳನ್ನ ನಮ್ಮ ಮಗಳ ಹಂಗ ನೋಡ್ಕೋತೀವಿ" ಅಂತ ನಿಶ್ಚಯದ ದಿನ ಹೇಳುತ್ತಾರೆ. ನಾಳೆ ಸಂಸಾರ ಮುರಿದರೆ ಆ ಮಾತನ್ನು ಎಲ್ಲಿ ಹಿಡಿದುಕೊಂಡು ಹೋಗುವುದು? ಅಮೆರಿಕದ ಜಾಮೀನು ಪತ್ರ ಇಲ್ಲಿ ಮೇಲು. ವಿಚ್ಛೇದನ ಆದರೂ ಅದು ಮುಗಿಯುವುದಿಲ್ಲ. ಬಂದವರು ಅಲ್ಲಿಯ ಪೌರತ್ವ ಪಡೆಯುವವರೆಗೆ, ಇಲ್ಲವೇ ಸುಮಾರು ಹತ್ತು ವರ್ಷದ ದುಡಿಮೆ ಲೆಕ್ಕಕ್ಕೆ ಸೇರುವವರೆಗೆ ಹೊಣೆ ನಡೆಯುತ್ತದೆ. ಗಂಡ ಕೈಬಿಟ್ಟರೆ ಹೆಂಡತಿ ಅದೇ ಪತ್ರ ಹಿಡಿದು ಕೋರ್ಟಿಗೆ ಹೋಗಬಹುದು. ಪರದೇಶದಲ್ಲಿ ತವರಿನವರು ಯಾರೂ ಹತ್ತಿರ ಇಲ್ಲದ ಹೆಣ್ಣುಮಗಳಿಗೆ ಇದು ದೊಡ್ಡ ಆಸರೆ. ಇಲ್ಲೂ ಮನೆಯವರೆಲ್ಲ ಸೇರಿ ಹೊಣೆ ಹೊರಲಿ, ಆದರೆ ಸಹಿ ಹಾಕಿ ಹೊರಲಿ.

ಇನ್ನೊಂದು ವಿಷಯದಲ್ಲಿ ಎರಡೂ ಕಡೆಯವರು ಒಂದೇ. ಬನಹಟ್ಟಿಯ ಆ ಹುಡುಗಿ ಕಾಲೇಜಿನಲ್ಲಿ ಗಣಿತ ಕಲಿಸುತ್ತಾಳೆ. ಮದುವೆ ಮಾತುಕತೆಯಲ್ಲಿ ಅವಳ ಪಗಾರವನ್ನು ಯಾರೂ ಕೇಳಲಿಲ್ಲ, "ಅಲ್ಲಿಗೆ ಹೋದ ಮ್ಯಾಲ ನೋಡೂಣ" ಅಂದರು. ವೀಸಾದವರೂ ಕೇಳುವುದಿಲ್ಲ. ಊರಲ್ಲಿ ಅವಳ ಹೆಸರಿನಲ್ಲಿ ಬಾಡಿಗೆಗೆ ಕೊಟ್ಟ ಮನೆ ಇದ್ದರೆ ಆ ಬಾಡಿಗೆ ಲೆಕ್ಕಕ್ಕೆ ಬರುತ್ತದೆ, ಅವಳ ದುಡಿಮೆ ಬರುವುದಿಲ್ಲ. ಇಲ್ಲಿ ಕೆಲಸ ಕೊಡುತ್ತೇವೆ ಅಂತ ಒಂದು ಶಾಲೆ ಪತ್ರ ಕೊಟ್ಟರೂ ಮೊದಲ ಅರ್ಜಿಯಲ್ಲಿ ಅದಕ್ಕೆ ಬೆಲೆ ಇಲ್ಲ. ಎರಡೂವರೆ ವರ್ಷದ ಮೇಲೆ ವೀಸಾ ಮುಂದುವರಿಸುವಾಗ ಮಾತ್ರ ಇಬ್ಬರ ಪಗಾರವನ್ನೂ ಕೂಡಿಸುತ್ತಾರೆ. ಆಗ ಕೂಡಿಸುವುದಾದರೆ ಈಗಲೂ ಕೂಡಿಸಬಹುದು ಅಲ್ವಾ?

ನಿಯಮ ಬದಲಾಗುವವರೆಗೆ ಊರಿನವರಿಗೆ ಒಂದು ಮಾತು. ಬ್ರಿಟನ್ನಿನ ವರ ಅಂದಾಗ ಹೊಲ ಎಷ್ಟು, ಮನೆ ಎಷ್ಟು ಅಂತ ಕೇಳುವ ಜೊತೆಗೆ ಆರು ತಿಂಗಳ ಪೇ ಸ್ಲಿಪ್ ತೋರಿಸಿ ಅನ್ನಿ. ಅವನಿಗೆ ಅಲ್ಲಿ ಕಾಯಂ ಇರುವ ಹಕ್ಕು ಇದೆಯೋ, ಬರೀ ಕೆಲಸದ ವೀಸಾ ಇದೆಯೋ ಕೇಳಿ, ಎರಡಕ್ಕೂ ನಿಯಮ ಬೇರೆ. ಹುಡುಗಿಯ ಇಂಗ್ಲಿಷ್ ಪರೀಕ್ಷೆ, ಮದುವೆ ನೋಂದಣಿ ಪತ್ರ ಇವನ್ನೂ ಮೊದಲೇ ಮಾಡಿಸಿಡಿ. ಮುಹೂರ್ತ ಇಡುವ ಮುಂಚೆ ಇದನ್ನೆಲ್ಲ ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು. ಮದುವೆಯಾಗಿ ತವರಿನಲ್ಲೇ ದಿನ ಎಣಿಸುವ ಹುಡುಗಿಯರು ನಮ್ಮ ಕಡೆ ಈಗಲೂ ಇದ್ದಾರೆ.