ಸೀಸದ ಬಣ್ಣಕ್ಕೆ 5 ಲಕ್ಷ ಪರಿಹಾರ: ಮೆಸೇಜ್‌ನಲ್ಲಿ ನಿಜ ಎಷ್ಟು?

'ಗೋಡೆ ಬಣ್ಣದ ಸೀಸದಿಂದ ಮಗುವಿಗೆ ತೊಂದರೆಯಾದರೆ ಅರ್ಜಿ ಕೊಡಿ ಸಾಕು, 5 ಲಕ್ಷ ಸಿಗುತ್ತದೆ' ಎಂಬ ಮೆಸೇಜ್ ತುಮಕೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಹಾಗೆ ಸುಮ್ನೆ ಹಣ ಬರುವುದಿಲ್ಲ. ಆ 5 ಲಕ್ಷದ ಲೆಕ್ಕವೇ ಬೇರೆ. ಕೊಂಡ ವಸ್ತುವಿನ ಬೆಲೆ ಅದರೊಳಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ಅಷ್ಟೇ. 2019ರ ಗ್ರಾಹಕರ ಕಾಯ್ದೆಯಡಿ ಬಣ್ಣ ತಯಾರಿಸಿದವರಿಂದ ಪರಿಹಾರ ಕೇಳಬಹುದು, ಸಾಮಾನ್ಯವಾಗಿ 2 ವರ್ಷದೊಳಗೆ. ಆದರೆ ಸಾಬೀತು ನಾವೇ ಮಾಡಬೇಕು. ಬಿಲ್, ಮಗುವಿನ ರಕ್ತಪರೀಕ್ಷೆ ವರದಿ, ಬಣ್ಣದ ಡಬ್ಬಿ ಎತ್ತಿಡಿ. ಡಬ್ಬಿ ಗುಜರಿಗೆ ಹೋಗಿದ್ದರೆ ಕಷ್ಟ, ಅಲ್ವಾ?

2017ರ ನವೆಂಬರ್‌ನಿಂದ ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಅಂದರೆ ಹತ್ತು ಲಕ್ಷ ಭಾಗದಲ್ಲಿ 90 ಭಾಗ) ದಾಟುವಂತಿಲ್ಲ. ಅದು ಹೊಸ ಬಣ್ಣಕ್ಕೆ. ಹಳೆ ಕಿಟಕಿ ಸರಳಿನ ಬಣ್ಣ ಚಕ್ಕೆ ಏಳುತ್ತಿದ್ದರೆ ಒಣಗಿದ್ದಾಗ ಉಜ್ಜಬೇಡಿ, ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ.