ಉಪ್ಪು ಬಡಿಸುವಷ್ಟು ಶಕ್ತಿ

ಇವತ್ತು ಅಘನಾಶಿನಿ ಕಡೆ ನೆಂಟರದ್ದು ಮನೆ ಒಕ್ಕಲು. ಹೋಗಿ ಬಂದು ಆರು ತಾಸಾಯ್ತು, ಸಿಟ್ಟು ಇನ್ನೂ ಇಳಿದಿಲ್ಲ.

ಅಲ್ಲೊಬ್ಬಳು ಹುಡುಗಿ ಇದ್ದಳು. ಹದಿನೈದು ವರ್ಷ, ಈ ಸಲ ಎಸ್ಸೆಸ್ಸೆಲ್ಸಿ. ರಕ್ತದ ಕ್ಯಾನ್ಸರಿಗೆ ಔಷಧ ನಡೀತಾ ಇದೆ. ಜೋರು ಕಿಮೋ ಮುಗಿದು ಈಗ ಮೇಂಟೆನೆನ್ಸ್, ಅಂದರೆ ಕಾಯಿಲೆ ಮರಳದ ಹಾಗೆ ಬಹಳ ಕಾಲ ಕೊಡುವ ಹಗುರ ಔಷಧ. ದಿನಾ ಒಂದು ಮಾತ್ರೆ, ವಾರಕ್ಕೊಮ್ಮೆ ಇನ್ನೊಂದು ಮಾತ್ರೆ, ನಡುನಡುವೆ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್, ಅದರ ಬೆನ್ನಿಗೆ ಕೆಲವು ದಿನ ಸ್ಟಿರಾಯ್ಡ್. ಕೂದಲು ಮತ್ತೆ ಬಂದಿದೆ, ಗುಂಗುರು ಗುಂಗುರಾಗಿ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ.

ನಾನು ಹೋದಾಗ ಅವಳು ಒಳಕೋಣೆಯಲ್ಲಿ ಚಾಪೆ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು. ಬಾಗಿಲ ಬಳಿ ಒಬ್ಬರು ಹೇಳುತ್ತಿದ್ದರು, "ಉಳಿದ ಮಕ್ಕಳೆಲ್ಲ ಓಡಾಡ್ತಾ ಇದ್ರೆ ಇದೊಂದು ಬಿದ್ಕೊಂಡಿದೆ. ಹೀಗೆ ಮಲಗಿದ್ರೆ ಸುಸ್ತು ಬರದೇ ಎಂತ ಬರ್ತದೆ?" ಅವಳಿಗೆ ಕೇಳುವ ಹಾಗೆಯೇ ಹೇಳಿದರು. ಅವಳು ಕಣ್ಣು ಬಿಡಲಿಲ್ಲ. ನಾನು ಪಕ್ಕದಲ್ಲಿ ಕೂತ ಮೇಲೆ ಮೆತ್ತಗೆ ಅಂದಳು, "ನಿದ್ದೆ ಅಲ್ಲ ಅತ್ತೆ. ಮೊದಲ ಪಂಕ್ತಿಗೆ ಉಪ್ಪು ಬಡಿಸೋದು ನಾನು. ಅದಕ್ಕೆ ಅಂತ ಇಟ್ಕೊಳ್ತಾ ಇದ್ದೇನೆ."

ಉಪ್ಪೇ ಯಾಕೆ ಅಂತ ಲೆಕ್ಕ ಹಾಕಿಟ್ಟಿದ್ದಳು. ಸಾಂಬಾರಿನ ಬಕೀಟು ಭಾರ. ಅನ್ನಕ್ಕೆ ಎರಡು ಮೂರು ಸಲ ತಿರುಗಬೇಕು. ಪಾಯಸ ಹಿಡಿದರೆ ಪ್ರತಿ ಎಲೆಯ ಮುಂದೆ ನಿಂತು ಉಪಚಾರ ಮಾಡಬೇಕು. ಉಪ್ಪಿನ ಬಟ್ಟಲು ಹಗುರ, ಎಲೆ ತುದಿಗೆ ಚಿಟಿಕೆ ಹಾಕುತ್ತಾ ಒಂದು ಸಲ ಹೋದರೆ ಮುಗೀತು. ಟೇಬಲ್ ಊಟ, ಬಗ್ಗುವುದೂ ಇಲ್ಲ. ಮತ್ತೆ, ಎಲ್ಲಕ್ಕಿಂತ ಮೊದಲು ಎಲೆಗೆ ಬೀಳುವುದು ಉಪ್ಪು. ಅಂದರೆ ಪಂಕ್ತಿ ಶುರು ಮಾಡುವವಳು ಅವಳು. ಎರಡು ವರ್ಷದಿಂದ ಎಲ್ಲ ಮನೆಗಳಲ್ಲೂ ಮೂಲೆಯ ಕುರ್ಚಿಯಲ್ಲಿ ಕೂತ ಹುಡುಗಿಗೆ ಅದರ ಬೆಲೆ ಗೊತ್ತಿತ್ತು.

ಎಲೆ ಹಾಕಿದರು. ಅವಳು ಬಟ್ಟಲು ಹಿಡಿದು ಬಂದು ನಾಲ್ಕು ಎಲೆಗೆ ಹಾಕಿರಬೇಕು. ಅಷ್ಟರಲ್ಲಿ, ಬೆಳಿಗ್ಗೆ ಬಾಗಿಲಲ್ಲಿ ನಿಂತು ಮಾತಾಡಿದ್ದ ಅದೇ ಹೆಂಗಸು, "ಅಯ್ಯೋ ತಂಗೀ, ನಿನ್ನ ಹತ್ರ ಯಾರು ಹೇಳಿದ್ರು ಇದನ್ನೆಲ್ಲ ಮಾಡೂಕೆ? ಹೋಗು ಮಲಗು" ಅಂತ ಬಟ್ಟಲು ಕಸಿದುಕೊಂಡರು. ಸುತ್ತಲಿದ್ದವರು ಹೌದು ಹೌದು ಅಂದರು. ಅವಳ ಬೆರಳಿಗೆ ಉಪ್ಪು ಅಂಟಿತ್ತು. ಅದನ್ನು ಲಂಗಕ್ಕೆ ಒರೆಸಿಕೊಂಡು ಒಳಗೆ ಹೋದಳು.

ಬೆಳಿಗ್ಗೆ ಮಲಗಿದ್ದು ತಪ್ಪು, ಮಧ್ಯಾಹ್ನ ಎದ್ದಿದ್ದೂ ತಪ್ಪು. ಹಾಗಾದರೆ ಆ ಮಗು ಏನು ಮಾಡಬೇಕು?

ನನ್ನ ಮಗನಿಗೂ ಕ್ಯಾನ್ಸರ್ ಆಗಿತ್ತು. ಆ ಕಥೆ ನಿಮಗೆ ಹೆಚ್ಚಿನವರಿಗೆ ಗೊತ್ತು, ಮತ್ತೆ ಹೇಳುವುದಿಲ್ಲ. ಸುಸ್ತಿನ ಕಥೆ ಮಾತ್ರ ಯಾರಿಗೂ ಹೇಳಿಲ್ಲ. ಕ್ಯಾನ್ಸರಿನ ಸುಸ್ತು ನಾವು ತೋಟದ ಕೆಲಸ ಮುಗಿಸಿ ಬಂದಾಗಿನ ಸುಸ್ತಲ್ಲ. ನಮ್ಮದಕ್ಕೆ ಒಂದು ಲೋಟ ಮಜ್ಜಿಗೆ, ಒಂದು ಒಳ್ಳೆ ನಿದ್ದೆ ಸಾಕು. ಅವರದು ಮಲಗಿ ಎದ್ದರೂ ಹೋಗುವುದಿಲ್ಲ. ಏನೂ ಮಾಡದೇ ಇದ್ದಾಗಲೂ ಬರುತ್ತದೆ. ಕಾಯಿಲೆಯಿಂದ ಒಂದಿಷ್ಟು, ಕಿಮೋದಿಂದ ಒಂದಿಷ್ಟು, ಹಿಮೋಗ್ಲೋಬಿನ್ ಇಳಿದದ್ದಕ್ಕೆ ಒಂದಿಷ್ಟು, ಸ್ಟಿರಾಯ್ಡ್ ದಿನಗಳಲ್ಲಿ ರಾತ್ರಿ ನಿದ್ದೆ ಹಾರಿಹೋಗುವುದಕ್ಕೆ, ಊಟ ಸೇರದ್ದಕ್ಕೆ, ಹೆದರಿಕೆಗೆ, ಬೇಜಾರಿಗೆ. ಎಲ್ಲ ಸೇರಿ ಒಂದೇ ಸುಸ್ತಾಗಿ ಕೂರುತ್ತದೆ. ಚಿಕಿತ್ಸೆ ಮುಗಿದ ಮೇಲೂ ಕೆಲವರಿಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿಯುತ್ತದೆ. ಕೂದಲು ಬಂತು, ಮುಖ ತುಂಬಿಕೊಂಡಿತು, ಇನ್ನೆಂತ ಸುಸ್ತು ಅಂತ ಕೇಳಬೇಡಿ.

ನಾನು ಮಾಡಿದ್ದೇನು ಗೊತ್ತಾ? ಇವತ್ತು ಆ ಹೆಂಗಸು ಮಾಡಿದ್ದನ್ನೇ, ಎರಡು ತಿಂಗಳು ಸತತವಾಗಿ. ಊಟ ಹಾಸಿಗೆಗೆ, ನೀರು ಹಾಸಿಗೆಗೆ. ಅವನು ಎದ್ದು ತನ್ನ ತಟ್ಟೆ ತೊಳೆಯಲು ಹೋದರೆ ಬೈಯುತ್ತಿದ್ದೆ. ಪ್ರೀತಿಯಿಂದಲೇ ಮಾಡಿದೆ. ಒಂದು ದಿನ ಆಸ್ಪತ್ರೆಗೆ ಹೊರಟಾಗ ಜಗುಲಿಯ ಮೂರು ಮೆಟ್ಟಿಲು ಇಳಿಯಲು ಅವನ ತೊಡೆ ನಡುಗಿತು. ಅಪ್ಪನ ಹೆಗಲು ಹಿಡಿದು ಇಳಿದ, ಹದಿನಾಲ್ಕು ವರ್ಷದ ಮಾಣಿ. ಮಲಗಿ ಮಲಗಿ ಸ್ನಾಯು ಕರಗಿತ್ತು, ಅದರಿಂದ ಸುಸ್ತು ಇನ್ನೂ ಹೆಚ್ಚಾಗಿತ್ತು. ಅದರಲ್ಲಿ ಅರ್ಧ ಕಾಯಿಲೆ ಕೊಟ್ಟದ್ದು. ಇನ್ನರ್ಧ ನಾನು ಕೊಟ್ಟದ್ದು. ಇದನ್ನು ಬರೆಯುವಾಗ ಈಗಲೂ ಕೈ ತಡೆಯುತ್ತದೆ.

ಅಲ್ಲಿಯ ಫಿಸಿಯೋಥೆರಪಿ ಮಾಡುವ ಹುಡುಗಿ ನನ್ನ ಹತ್ತಿರ ಏನೂ ಕೇಳಲಿಲ್ಲ. ಅವನ ಹತ್ತಿರವೇ ಕೂತಳು. ದಿನಕ್ಕೆ ಮೂರು ಹೊತ್ತು ಸುಸ್ತು ಎಷ್ಟು ಅಂತ ಸೊನ್ನೆಯಿಂದ ಹತ್ತರೊಳಗೆ ಬರೆದಿಡಲು ಒಂದು ನೋಟ್‌ಬುಕ್ ಕೊಡಿಸಿದಳು. ಅವನು ಮನೆಗೆ ಬಂದು ಲೆಕ್ಕ ತಿರುಗಿಸಿಕೊಂಡ. ಸುಸ್ತು ಎಷ್ಟು ಅಂತ ಬರೆಯೋಕೆ ಬೇಜಾರು, ಕೈಯಲ್ಲಿ ಎಷ್ಟಿದೆ ಅಂತ ಬರೀತೇನೆ ಅಂದ. ಮೂರು ವಾರದಲ್ಲಿ ಆ ಪುಸ್ತಕ ನನಗೆ ಕಾಣದ್ದನ್ನೆಲ್ಲ ತೋರಿಸಿತು. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ಅವನ ಒಳ್ಳೆಯ ಹೊತ್ತು. ಆ ಹೊತ್ತಿನ ಅರ್ಧ ಸ್ನಾನಕ್ಕೇ ಹೋಗುತ್ತಿತ್ತು. ಬಚ್ಚಲಲ್ಲಿ ನಿಂತು, ಹಂಡೆಯಿಂದ ನೀರು ತೋಡಿ ಹೊಯ್ದುಕೊಳ್ಳುವುದು ಎಷ್ಟು ದೊಡ್ಡ ಕೆಲಸ ಅಂತ ನನಗೆ ಹೊಳೆದೇ ಇರಲಿಲ್ಲ. ಅವನೇ ಸ್ನಾನವನ್ನು ಸಂಜೆಗೆ ಹಾಕಿದ, ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು. ಮೀಯದೇ ತಿಂಡಿ ತಿನ್ನುವುದಾ ಅಂತ ಅವನ ಅಜ್ಜಿ ನಾಲ್ಕು ದಿನ ಮಾತಾಡಿದರು, ಐದನೇ ದಿನ ಸುಮ್ಮನಾದರು. ಬೆಳಗಿನ ಹೊತ್ತು ಓದಿಗೆ ಉಳಿಯಿತು. ಸ್ಟಿರಾಯ್ಡ್ ಮುಗಿದ ಮರುದಿನಗಳಿಗೆ ಏನನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಮಧ್ಯಾಹ್ನದ ನಿದ್ದೆಯನ್ನು ಅರ್ಧ ತಾಸಿಗೆ ಇಳಿಸಿದ. ಹೆಚ್ಚು ಮಲಗಿದರೆ ರಾತ್ರಿ ನಿದ್ದೆ ಬರುವುದಿಲ್ಲ ಅಂತ ಅವನೇ ಕಂಡುಕೊಂಡ.

ಮತ್ತೆ ನಡಿಗೆ. ಮೊದಲ ವಾರ ಅಂಗಳದಿಂದ ದಣಪೆಯವರೆಗೆ, ಅಂದರೆ ಬೇಲಿಯ ಗೇಟಿನವರೆಗೆ. ಆಮೇಲೆ ದಣಪೆ ದಾಟಿ ಮೊದಲ ತೆಂಗಿನಮರ, ಆಮೇಲೆ ಎರಡನೆಯದು. ಕ್ಯಾನ್ಸರಿನ ಸುಸ್ತಿಗೆ ಹೆಚ್ಚು ಆಧಾರ ಇರುವ ಮದ್ದು ಟಾನಿಕ್ ಅಲ್ಲ, ಚಟುವಟಿಕೆ. ಇಷ್ಟಿಷ್ಟೇ, ಆದರೆ ತಪ್ಪದೇ. ನಾವು ಮಾತ್ರ ಇವತ್ತಿಗೂ ದಾಳಿಂಬೆ, ಬೀಟ್‌ರೂಟ್, ಖರ್ಜೂರ ಹೊತ್ತು ತಂದು "ಏಳಬೇಡ" ಅನ್ನುತ್ತೇವೆ.

"ಮಕ್ಕಳಿಗೆ ಎಂತ ಗೊತ್ತಾಗ್ತದೆ? ಅವರ ಲೆಕ್ಕಕ್ಕೆ ಬಿಟ್ರೆ ಹೆಚ್ಚು ಮಾಡ್ಕೊಂಡು ಬೀಳ್ತಾರೆ" ಅಂತ ಊಟ ಮುಗಿದ ಮೇಲೆ ಒಬ್ಬರು ಹೇಳಿದರು. ಹೌದು, ಬೀಳುತ್ತಾರೆ. ನನ್ನ ಮಗ ಒಂದು ಸಂಜೆ ಗದ್ದೆಯಲ್ಲಿ ಒಂದು ತಾಸು ಕ್ರಿಕೆಟ್ ಆಡಿ ಎರಡು ದಿನ ಹಾಸಿಗೆ ಹಿಡಿದ. ಪುಸ್ತಕದಲ್ಲಿ ಎರಡೂ ದಿನ "1" ಅಂತ ತಾನೇ ಬರೆದ. ಮುಂದಿನ ವಾರ ಹದಿನೈದು ನಿಮಿಷ ಆಡಿ, ಉಳಿದ ಹೊತ್ತು ಅಂಪೈರ್ ಆದ. ನಾನು ನೂರು ಸಲ ಹೇಳಿದರೂ ಆ ಬುದ್ಧಿ ಬರುತ್ತಿರಲಿಲ್ಲ. ದೊಡ್ಡವರು ಕಣ್ಣಿಡಲೇಬೇಕಾದ ಸಂಗತಿ ಬೇರೆ ಇದೆ. 100.4 ಡಿಗ್ರಿ ಜ್ವರ ಬಂತೋ, ರಾತ್ರಿಯಾದರೂ ಸರಿ ಆಸ್ಪತ್ರೆಗೆ ಫೋನ್ ಮಾಡಬೇಕು. ಇದ್ದಕ್ಕಿದ್ದಂತೆ ಸುಸ್ತು ಹೆಚ್ಚಾದರೆ, ಏದುಸಿರು ಬಂದರೆ, ರಕ್ತ ಸೋರಿದರೆ, ಮಾತೇ ಬಿಟ್ಟು ಗೋಡೆ ಕಡೆ ತಿರುಗಿ ಮಲಗಿದರೆ ಡಾಕ್ಟರಿಗೆ ಹೇಳಬೇಕು. ಅದು ನಮ್ಮ ಕೆಲಸ. ಉಪ್ಪಿನ ಬಟ್ಟಲು ಕಸಿಯುವುದು ನಮ್ಮ ಕೆಲಸ ಅಲ್ಲ.

ಶಾಲೆಯಲ್ಲೂ ಇದೇ ಆಯ್ತು. "ಬಂದರೆ ಇಡೀ ದಿನ ಬರಲಿ, ಇಲ್ಲದಿದ್ದರೆ ಮನೆಯಲ್ಲೇ ಇರಲಿ" ಅಂದರು ನನ್ನ ಮಗನಿಗೆ. ಬೆಳಗಿನ ಎರಡು ಪಿರಿಯಡ್ ಕೂತು ಬರುತ್ತೇನೆ ಅಂತ ಅವನು ಕೇಳಿದ್ದು ದೊಡ್ಡ ಆಸೆಯಾ? 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಇದೆ. ಮೊದಲನೆಯದರಲ್ಲಿ ಆಗದ ವಿಷಯವನ್ನು ಎರಡನೆಯದರಲ್ಲಿ ಬರೆಯಬಹುದು. ಇಂಥ ಮಕ್ಕಳನ್ನು ಕೂರಿಸಿಕೊಂಡು ಯಾವುದು ಯಾವಾಗ ಬರೆಯುತ್ತೀ ಅಂತ ಕೇಳುವ ಒಬ್ಬ ಮಾಸ್ತರು ಇದ್ದರೆ ಸಾಕು.

ದಾರಿಯ ಸುಸ್ತು ಬೇರೆ. ಶಿರಸಿಯವರಿಗೆ ಹುಬ್ಬಳ್ಳಿ ನೂರು ಕಿಲೋಮೀಟರು, ಕುಮಟಾದವರಿಗೆ ಮಣಿಪಾಲ ಅದಕ್ಕೂ ದೂರ, ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುವವರಿಗೆ ಒಂದಿಡೀ ರಾತ್ರಿಯ ಬಸ್ಸು. ನಮ್ಮ ಉತ್ತರ ಕನ್ನಡ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2019ರಲ್ಲಿ ನಾವೆಲ್ಲ ಸೋಶಿಯಲ್ ಮೀಡಿಯಾದಲ್ಲಿ ಬರೆದೆವು, 2022ರಲ್ಲಿ ಮತ್ತೆ ಬರೆದೆವು. ಆ ಜಗಳ ಇರಲಿ. ಹೋಗಿ ಬಂದ ಮರುದಿನ ಮನೆಗೆ ನೋಡಲು ಬರಬೇಡಿ ಅಂತ ನೆಂಟರಿಗೆ ಹೇಳುವುದನ್ನೂ ಆ ಮಕ್ಕಳೇ ಕಲಿಯಬೇಕಾಗಿದೆ. ನನ್ನ ಮಗ ವಾಟ್ಸಾಪಿನಲ್ಲಿ ಹಾಕುತ್ತಿದ್ದ: "ಇವತ್ತು 2. ಭಾನುವಾರ ಬನ್ನಿ." ಕೆಲವರಿಗೆ ಬೇಜಾರಾಯ್ತು. ಆಗಲಿ.

ಇವತ್ತು ನಾನೂ ಪಂಕ್ತಿಯಲ್ಲಿ ಕೂತಿದ್ದೆ. ಎಲೆ ಮುಂದಿನಿಂದ ಏಳಬಾರದು ಅಂತ ಎದ್ದಿಲ್ಲ. ಏಳಬೇಕಿತ್ತು. ಎದ್ದು ಬಟ್ಟಲು ತಂದು ಅವಳ ಕೈಗೇ ಕೊಡಬೇಕಿತ್ತು. ನನ್ನ ಎಲೆಗೆ ಉಪ್ಪು ಹಾಕಿದ್ದು ಆ ಹೆಂಗಸು, ನಾನು ಅದನ್ನು ಕಲಸಿ ಉಂಡೆ.

ಕೈ ತೊಳೆದು ಹಿತ್ತಿಲ ಕಡೆ ಹೋದರೆ ಅವಳು ಬಾವಿಕಟ್ಟೆ ಮೇಲೆ ಕೂತಿದ್ದಳು. ಬೆಳಿಗ್ಗೆಯೇ ಬರೆದಿಟ್ಟಿದ್ದ ಪುಸ್ತಕ ತೋರಿಸಿದಳು. ಪೂಜೆಗೆ ಕೂತು ನೋಡಲು ಒಂದು, ಊಟಕ್ಕೆ ಒಂದು, ವಾಪಸ್ ಬಸ್ಸಿಗೆ ಎರಡು.

"ಉಪ್ಪಿಗೆ ಎರಡು ಇಟ್ಟಿದ್ದೆ ಅತ್ತೆ" ಅಂದಳು. "ಅದು ಹಾಗೇ ಉಳೀತು."