ಸಿಕಲ್ ಸೆಲ್ ಕಾಯಿಲೆ ಮತ್ತು ರಕ್ತನಾಳದ ಒಳಪದರ

ಸಿಕಲ್ ಸೆಲ್ ಕಾಯಿಲೆಯ ಬಗ್ಗೆ ತಿಳಿವಳಿಕೆ ನೀಡುವಾಗ ನಮ್ಮಲ್ಲಿ ಹೇಳುವ ವಿವರಣೆ ಸಾಮಾನ್ಯವಾಗಿ ಇಷ್ಟೇ: ಕೆಂಪು ರಕ್ತಕಣಗಳು ಕುಡಗೋಲಿನ ಆಕಾರಕ್ಕೆ ತಿರುಗುತ್ತವೆ, ಸಣ್ಣ ನಾಳಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ, ಅದರಿಂದ ವಿಪರೀತ ನೋವು ಬರುತ್ತದೆ, ರಕ್ತ ಕಡಿಮೆಯಾಗುತ್ತದೆ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಶಿವಮೊಗ್ಗದಲ್ಲಿ ರಕ್ತಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾ ಬಂದಿರುವ ನನಗೆ, ಈ ಅರ್ಧ ವಿವರಣೆಯಿಂದ ರೋಗಿಗಳಿಗೆ ನಷ್ಟವಾಗುತ್ತಿದೆ ಎಂದೇ ಅನ್ನಿಸಿದೆ. ನೋವು ಬಂದಾಗ ಆಸ್ಪತ್ರೆಗೆ ಓಡುವುದು, ನೋವು ಇಳಿದ ಮೇಲೆ ಮಾತ್ರೆಯನ್ನೂ ತಪಾಸಣೆಯನ್ನೂ ಮರೆತುಬಿಡುವುದು ಎಂಬ ರೂಢಿಗೆ ಈ ವಿವರಣೆಯೇ ದಾರಿ ಮಾಡಿಕೊಡುತ್ತದೆ. ಅಡಿಕೆ ತೋಟದ ಬಸಿಗಾಲುವೆಗೆ ಹಾಳೆ ಬಿದ್ದು ನೀರು ಕಟ್ಟಿಕೊಂಡರೆ ಹಾಳೆ ಎತ್ತಿದ ಕೂಡಲೇ ನೀರು ಹರಿಯುತ್ತದೆ, ಕಾಲುವೆಗೆ ಏನೂ ಆಗಿರುವುದಿಲ್ಲ. ಈ ಕಾಯಿಲೆಯಲ್ಲಿ ಹಾಗಲ್ಲ, ಇಲ್ಲಿ ಕಾಲುವೆಯ ದಂಡೆಯೇ ದಿನದಿನವೂ ಕೆಡುತ್ತಿರುತ್ತದೆ.

ಈ ಅರ್ಧ ವಿವರಣೆ ಹುಟ್ಟುವುದಕ್ಕೆ ನಮ್ಮ ಪ್ರಯೋಗಾಲಯದ ಸ್ಲೈಡೂ ಒಂದು ಕಾರಣವಿರಬಹುದು. ಒಂದು ತೊಟ್ಟು ರಕ್ತಕ್ಕೆ ಸೋಡಿಯಂ ಮೆಟಾಬೈಸಲ್ಫೈಟ್ ದ್ರಾವಣ ಬೆರೆಸಿ, ಕವರ್‌ಸ್ಲಿಪ್ ಮುಚ್ಚಿ, ಗಾಳಿಯಾಡದಂತೆ ಅಂಚಿಗೆ ವ್ಯಾಸಲೀನ್ ಸವರಿ ಇಟ್ಟರೆ, ಆಮ್ಲಜನಕ ಕಡಿಮೆಯಾದಂತೆ ದುಂಡಗಿದ್ದ ಕಣಗಳು ಒಂದೊಂದಾಗಿ ನೀಳವಾಗಿ, ಎರಡೂ ತುದಿ ಚೂಪಾಗಿ ಬಾಗುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ನೋಡಬಹುದು. ಕಣದೊಳಗೆ ಆಮ್ಲಜನಕ ಹೊರುವ ಪ್ರೋಟೀನಾದ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ ಆರನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲ ಎಂಬ ಅಮೈನೋ ಆಮ್ಲ ಇರಬೇಕಾದ ಕಡೆ ವ್ಯಾಲೀನ್ ಎಂಬ ಇನ್ನೊಂದು ಬಂದು ಕೂತಿರುವುದು ಇದಕ್ಕೆ ಮೂಲ. ಇದು ಹಿಮೋಗ್ಲೋಬಿನ್ ಅಣುವಿನದೇ ದೋಷವೆಂದು ಲೈನಸ್ ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು, ಬದಲಾದದ್ದು ನಿಖರವಾಗಿ ಏನೆಂಬುದನ್ನು ಕೆಲವೇ ವರ್ಷಗಳಲ್ಲಿ ವರ್ನನ್ ಇನ್‌ಗ್ರಾಂ ಕಂಡುಹಿಡಿದರು. ಇಷ್ಟನ್ನೂ ಸ್ಲೈಡ್ ಸಾರಿ ಹೇಳುತ್ತದೆ. ಆದರೆ ಸ್ಲೈಡಿನಲ್ಲಿ ರಕ್ತನಾಳ ಇರುವುದಿಲ್ಲ. ಕಣ ಯಾವುದಕ್ಕೆ ತಾಗುತ್ತದೆ, ಎಲ್ಲಿ ಅಂಟುತ್ತದೆ, ಒಡೆದ ಮೇಲೆ ಏನನ್ನು ಚೆಲ್ಲುತ್ತದೆ ಎಂಬುದೊಂದೂ ಅಲ್ಲಿ ಕಾಣುವುದಿಲ್ಲ.

ನಾಳದ ಒಳಗೋಡೆಯೆಂದರೆ ಒಂದೇ ಸಾಲು ಜೀವಕೋಶಗಳ ತೆಳು ಪದರ, ಎಂಡೋಥೀಲಿಯಂ. ನಾಳ ಎಷ್ಟು ಹಿಗ್ಗಬೇಕು, ಎಷ್ಟು ಕುಗ್ಗಬೇಕು, ರಕ್ತ ಎಲ್ಲಿ ಹೆಪ್ಪುಗಟ್ಟಬೇಕು, ಎಲ್ಲಿ ಹೆಪ್ಪುಗಟ್ಟಬಾರದು ಎಂಬುದರಲ್ಲೆಲ್ಲ ಅದರ ಕೈ ಇದೆ. ಕುಡಗೋಲು ಕಣಗಳು ಈ ಪದರಕ್ಕೆ ಅಂಟಿಕೊಳ್ಳುತ್ತವೆ. ಹೆಚ್ಚು ಅಂಟುವ ಕಣಗಳಿರುವ ರೋಗಿಗಳಲ್ಲಿ ಕಾಯಿಲೆಯೂ ಹೆಚ್ಚು ತೀವ್ರವಾಗಿರುತ್ತದೆ ಎಂಬುದನ್ನು 1980ರಲ್ಲಿಯೇ ರಾಬರ್ಟ್ ಹೆಬ್ಬೆಲ್ ಮತ್ತು ಸಂಗಡಿಗರು ತೋರಿಸಿದ್ದರು. ಅಂಟುವುದರಲ್ಲಿ ಮುಂದಿರುವುದು ಪೂರ್ತಿ ಬಾಗಿದ ಕಣಗಳಲ್ಲ, ಮೂಳೆಯ ಮಜ್ಜೆಯಿಂದ ಈಗಷ್ಟೇ ಹೊರಬಂದ ಎಳೆಯ ಕಣಗಳು. ಇವುಗಳ ಜೊತೆಗೆ ಬಿಳಿ ರಕ್ತಕಣಗಳು ಸಣ್ಣ ಸಿರೆಗಳ ಗೋಡೆಗೆ ಅಂಟಿ ನಿಂತು, ಹಾದುಹೋಗುವ ಕೆಂಪು ಕಣಗಳನ್ನು ಹಿಡಿದುಕೊಳ್ಳುತ್ತವೆ. ಇದರ ಪರಿಣಾಮ ದೊಡ್ಡದು. ಆಮ್ಲಜನಕ ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಗಟ್ಟಿ ಎಳೆಗಳಾಗಲು ಸ್ವಲ್ಪ ಸಮಯ ಬೇಕು. ಹೆಚ್ಚಿನ ಕಣಗಳು ಅಷ್ಟರೊಳಗೆ ಲೋಮನಾಳವನ್ನು ದಾಟಿ, ಶ್ವಾಸಕೋಶ ಸೇರಿ, ಮತ್ತೆ ಆಮ್ಲಜನಕ ತುಂಬಿಕೊಂಡು ಪಾರಾಗುತ್ತವೆ. ದಾರಿಯಲ್ಲಿ ಅಂಟುವುದರಿಂದ ತಡವಾದರೆ ಪಾರಾಗುವುದಿಲ್ಲ, ನಾಳದೊಳಗೇ ಬಾಗುತ್ತವೆ. ಅಂದರೆ ನಾಳ ಕಟ್ಟಿಕೊಳ್ಳುವುದಕ್ಕೆ ಕಣದ ಆಕಾರವೊಂದೇ ಕಾರಣವಲ್ಲ, ಕೆರಳಿದ ಗೋಡೆಯೂ ಕಾರಣ.

ಗಡುಸಾದ ಕುಡಗೋಲು ಕಣಗಳದ್ದು ಇನ್ನೊಂದು ಬಗೆಯ ಹಾನಿ. ಆರೋಗ್ಯವಂತ ಕೆಂಪು ಕಣ ಮೆತ್ತಗಿರುತ್ತದೆ, ಹರಿವಿನ ನಡುಭಾಗದಲ್ಲಿ ಸಾಗುತ್ತದೆ. ಗಡುಸಾದ ಕಣವನ್ನು ಅದೇ ಹರಿವು ಅಂಚಿಗೆ ತಳ್ಳುತ್ತದೆ. ಹೀಗೆ ಅಂಚಿಗೆ ಬಂದ ಕಣಗಳು ಗೋಡೆಗೆ ತಾಗಿ ಉಜ್ಜುತ್ತಾ ಹೋಗುವುದರಿಂದಲೇ ಒಳಪದರದಲ್ಲಿ ಉರಿಯೂತ ಏಳುತ್ತದೆ ಎಂದು ಇತ್ತೀಚಿನ ವರ್ಷಗಳ ಪ್ರಯೋಗಗಳು ತೋರಿಸಿವೆ. ನಾಳ ಕಟ್ಟಬೇಕೆಂದೇ ಇಲ್ಲ, ರೋಗಿಗೆ ನೋವು ಕಾಣಿಸಬೇಕೆಂದೂ ಇಲ್ಲ.

ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಣಗಳು ಒಡೆಯುವುದರಿಂದ ಆಗುವ ಹಾನಿ. ಸಾಮಾನ್ಯ ಕೆಂಪು ಕಣ ಸುಮಾರು 120 ದಿನ ಬದುಕುತ್ತದೆ. ಕುಡಗೋಲು ಕಣದ ಆಯಸ್ಸು 10ರಿಂದ 20 ದಿನ. ಒಡೆದಾಗ ಒಳಗಿದ್ದ ಹಿಮೋಗ್ಲೋಬಿನ್ ರಕ್ತದ ದ್ರವಭಾಗವಾದ ಪ್ಲಾಸ್ಮಾಕ್ಕೆ ಚೆಲ್ಲುತ್ತದೆ. ಅದನ್ನು ಹಿಡಿದು ಸಾಗಿಸಲು ಹ್ಯಾಪ್ಟೋಗ್ಲೋಬಿನ್ ಎಂಬ ಪ್ರೋಟೀನ್ ಇದೆಯಾದರೂ ಇಷ್ಟು ಹೊರೆಗೆ ಅದು ಸಾಲುವುದಿಲ್ಲ. ನಾಳಗಳನ್ನು ಸಡಿಲವಾಗಿಡಲು ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ತಯಾರಿಸುತ್ತದೆ. ಇದರ ಶೋಧಕ್ಕೇ 1998ರ ವೈದ್ಯಕೀಯ ನೊಬೆಲ್ ದೊರೆತದ್ದು. ಚೆಲ್ಲಿದ ಹಿಮೋಗ್ಲೋಬಿನ್ ಈ ಅನಿಲವನ್ನು ಹೀರಿ ಹಾಳುಮಾಡುತ್ತದೆ, ಒಡೆದ ಕಣದಿಂದಲೇ ಬಂದ ಆರ್ಜಿನೇಸ್ ಎಂಬ ಕಿಣ್ವ ಅನಿಲದ ಕಚ್ಚಾವಸ್ತುವಾದ ಆರ್ಜಿನೀನನ್ನು ತಿಂದುಹಾಕುತ್ತದೆ. ನಾಳ ಬಿಗಿಯುತ್ತದೆ. ಹಿಮೋಗ್ಲೋಬಿನ್ನಿನಿಂದ ಬಿಡುಗಡೆಯಾದ ಹೀಮ್ ಎಂಬ ಕಬ್ಬಿಣದ ಅಂಶವಿರುವ ಭಾಗ ಒಳಪದರವನ್ನು ಕೆರಳಿಸಿ, ಪಿ-ಸೆಲೆಕ್ಟಿನ್ ಎಂಬ ಅಂಟುವ ಅಣುವನ್ನು ಮೇಲ್ಮೈಗೆ ತರಿಸುತ್ತದೆ. ಇನ್ನಷ್ಟು ಕಣಗಳು ಬಂದು ಅಂಟುತ್ತವೆ.

ಇದನ್ನು ಇಷ್ಟು ಬಿಡಿಸಿ ಹೇಳುವುದಕ್ಕೆ ಕಾರಣ ಕಣ್ಣಿನ ಹಳದಿ. ಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ರಕ್ತದಲ್ಲಿ ಏರಿ ಕಣ್ಣು ಹಳದಿಯಾಗುತ್ತದೆ. ಮಲೆನಾಡಿನಲ್ಲಿ ಕಣ್ಣು ಹಳದಿಯಾಯಿತೆಂದರೆ ಮೊದಲು ನೆನಪಾಗುವುದು ಕಾಮಾಲೆಯ ನಾಟಿ ಔಷಧ ಮತ್ತು ಪಥ್ಯ. ರಕ್ತಪರೀಕ್ಷೆಗೆ ಮಗನನ್ನು ಕರೆತಂದಿದ್ದ ತಾಯಿಯೊಬ್ಬರು, “ವರ್ಷಾ ವರ್ಷಾ ಕಾಮಾಲೆ ಬರ್ತದೆ ಮೇಡಂ, ಔಷಧ ಕುಡಿಸಿದ್ರೆ ಇಳೀತದೆ” ಎಂದಿದ್ದರು. ಹುಡುಗನ ಪಾದದ ಗಂಟಿನ ಒಳಬದಿಯಲ್ಲಿ ಅಂಚು ಗಟ್ಟಿಯಾದ, ಸುತ್ತಲಿನ ಚರ್ಮ ಕಪ್ಪಾಗಿ ಹೊಳೆಯುತ್ತಿದ್ದ ಹುಣ್ಣಿತ್ತು. ಅದಕ್ಕೆ ಬೇರೆಯೇ ಮುಲಾಮು ನಡೆದಿತ್ತು. ಹಳದಿ ಕಣ್ಣು, ವಾಸಿಯಾಗದ ಹುಣ್ಣು, ಎರಡೂ ಒಂದೇ ಕಡೆಯಿಂದ ಬಂದಿರಬಹುದೆಂದು ಯಾರೂ ಆ ಮನೆಯವರಿಗೆ ಹೇಳಿರಲಿಲ್ಲ. ಕಣಗಳು ಹೆಚ್ಚು ಒಡೆಯುವ ರೋಗಿಗಳಲ್ಲೇ ಕಾಲಿನ ಹುಣ್ಣು ಮತ್ತು ಶ್ವಾಸಕೋಶದ ನಾಳಗಳ ಒತ್ತಡ ಹೆಚ್ಚು ಕಂಡುಬರುತ್ತವೆ. ಯಕೃತ್ತಿನ ಕಾಮಾಲೆಯೂ ಅವರಿಗೆ ಬರಬಾರದೆಂದೇನಿಲ್ಲ, ಆದರೆ ಮತ್ತೆ ಮತ್ತೆ ಬರುವ ಹಳದಿಗೆ ರಕ್ತ ಪರೀಕ್ಷಿಸದೆ ಪಥ್ಯ ಹೇಳುವುದು ಸರಿಯಲ್ಲ. ಹಾಗೆಯೇ ರಕ್ತ ಕಡಿಮೆ ಇದೆಯೆಂದ ಮಾತ್ರಕ್ಕೆ ಕಬ್ಬಿಣದ ಮಾತ್ರೆ ಬರೆಯುವುದೂ ಸರಿಯಲ್ಲ. ಪದೇಪದೇ ರಕ್ತ ಹಾಕಿಸಿಕೊಂಡವರ ದೇಹದಲ್ಲಿ ಕಬ್ಬಿಣ ಮೊದಲೇ ಹೆಚ್ಚಾಗಿರುತ್ತದೆ.

ನಮ್ಮ ಮಳೆಗಾಲವೂ ಇಲ್ಲಿ ಮುಖ್ಯವಾಗುತ್ತದೆ. ಚಳಿಗೆ ಚರ್ಮದ ನಾಳಗಳು ಕುಗ್ಗುತ್ತವೆ. ಮೊದಲೇ ಬಿಗಿದ ನಾಳಗಳಿರುವ ವ್ಯಕ್ತಿ ಆಷಾಢದ ಮಳೆಯಲ್ಲಿ ಮೊಣಕಾಲಿನವರೆಗೆ ಕೆಸರಿನಲ್ಲಿ ನಿಂತು ದಿನವಿಡೀ ಸಸಿ ನೆಟ್ಟರೆ ರಕ್ತದ ಓಟ ಇನ್ನೂ ನಿಧಾನವಾಗುತ್ತದೆ, ಕಣಗಳಿಗೆ ಬಾಗಲು ಸಮಯ ಸಿಗುತ್ತದೆ. ಬಾಯಾರಿಕೆ ಕಾಣದ ಆ ಚಳಿಯಲ್ಲಿ ನೀರು ಕುಡಿಯುವುದೂ ಕಡಿಮೆಯಾಗುತ್ತದೆ, ಅದರಿಂದ ಕಣದೊಳಗಿನ ಹಿಮೋಗ್ಲೋಬಿನ್ ಇನ್ನಷ್ಟು ದಟ್ಟವಾಗುತ್ತದೆ. ಸಿಕಲ್ ಸೆಲ್ ಕಾಯಿಲೆ ನಮ್ಮ ಕಡೆಯದಲ್ಲ ಎನ್ನುವವರೂ ಇದ್ದಾರೆ. ಭಾರತದಲ್ಲಿ ಕಣ ಕುಡಗೋಲಾಗುವ ಈ ಗುಣವನ್ನು ಮೊದಲು ಗುರುತಿಸಿ ವರದಿ ಮಾಡಿದ್ದು 1952ರಲ್ಲಿ, ಇದೇ ಪಶ್ಚಿಮ ಘಟ್ಟದ ಸಾಲಿನ ನೀಲಗಿರಿಯ ಸಮುದಾಯಗಳಲ್ಲಿ. ಜೊತೆಗೆ ಈ ಕಾಯಿಲೆ ಹೆಚ್ಚಾಗಿರುವ ಒಡಿಶಾ, ಛತ್ತೀಸಗಢ ಕಡೆಯ ಕೂಲಿಕಾರರು ಇಂದು ನಮ್ಮ ಅಡಿಕೆ ಮತ್ತು ಕಾಫಿ ತೋಟಗಳಲ್ಲಿ ದುಡಿಯುತ್ತಿದ್ದಾರೆ. ಮೈಕೈ ನೋವು, ಜ್ವರ ಎಂದು ಬಂದವರಿಗೆ ಮಂಗನ ಕಾಯಿಲೆ, ಇಲಿಜ್ವರ, ಡೆಂಗಿ ಪರೀಕ್ಷೆ ಮಾಡಿಸುವ ಎಚ್ಚರ ನಮ್ಮ ವೈದ್ಯರಿಗೆ ಚೆನ್ನಾಗಿಯೇ ಇದೆ. ಆ ಪಟ್ಟಿಗೆ ಇದನ್ನೂ ಸೇರಿಸಿಕೊಳ್ಳಬೇಕು.

ಭಾರತದ ಅನೇಕ ರೋಗಿಗಳಲ್ಲಿ ಕಣ ಬಾಗುವುದನ್ನು ತಡೆಯುವ ಭ್ರೂಣದ ಹಿಮೋಗ್ಲೋಬಿನ್ (ಹುಟ್ಟುವ ಮೊದಲು ಮಗುವಿನ ರಕ್ತದಲ್ಲಿರುವ ಬಗೆ) ಹೆಚ್ಚಿರುವುದರಿಂದ ಕಾಯಿಲೆ ಸೌಮ್ಯ ಎಂಬ ಮಾತಿದೆ. ಸರಾಸರಿಯ ಲೆಕ್ಕದಲ್ಲಿ ಅದು ನಿಜವಿರಬಹುದು, ಎದುರಿಗೆ ಕೂತ ಒಬ್ಬ ರೋಗಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಆ ಹಿಮೋಗ್ಲೋಬಿನ್ನನ್ನು ಹೆಚ್ಚಿಸುವ ಹೈಡ್ರಾಕ್ಸಿಯೂರಿಯಾ ಅಗ್ಗದ ಕ್ಯಾಪ್ಸೂಲ್. 1995ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಅದು ನೋವಿನ ಬಿಕ್ಕಟ್ಟುಗಳನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸಿತು. ಅದು ಬಿಳಿ ಕಣಗಳನ್ನು ತಗ್ಗಿಸುತ್ತದೆ, ಅಂಟುವಿಕೆಯನ್ನು ಕಡಿಮೆ ಮಾಡುತ್ತದೆ, ಕಣ ಒಡೆಯುವುದನ್ನೂ ಕಡಿಮೆ ಮಾಡುತ್ತದೆ; ಹೀಗೆ ಅದು ನಾಳವನ್ನೂ ಕಾಯುವ ಔಷಧ. ನೋವಿಲ್ಲದ ದಿನ ಅದನ್ನು ಬಿಟ್ಟರೆ ನಾಳಕ್ಕಿದ್ದ ಕಾವಲು ಹೋಗುತ್ತದೆ. ರಕ್ತಕಣಗಳ ಸಂಖ್ಯೆಯನ್ನು ಆಗಾಗ ಪರೀಕ್ಷಿಸುತ್ತಿರಬೇಕು, ಗರ್ಭಿಣಿಯರಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಆದ್ದರಿಂದ ವೈದ್ಯರ ನಿಗಾ ತಪ್ಪಬಾರದು.

ಮಕ್ಕಳ ವಿಚಾರದಲ್ಲಿ ನನಗೆ ಹೆಚ್ಚು ಆತಂಕವಿರುವುದು ಮಿದುಳಿನ ಬಗ್ಗೆ. ಇಲ್ಲಿ ಕೆಡುವುದು ಕೂದಲೆಳೆಯಂಥ ನಾಳಗಳು ಮಾತ್ರವಲ್ಲ. ಮಿದುಳಿಗೆ ರಕ್ತ ಒಯ್ಯುವ ದೊಡ್ಡ ಅಪಧಮನಿಗಳ ಒಳಗೋಡೆಯೂ ವರ್ಷಗಟ್ಟಲೆ ದಪ್ಪವಾಗುತ್ತಾ ದಾರಿ ಕಿರಿದಾಗುತ್ತದೆ, ಒಂದು ದಿನ ಶಾಲೆಗೆ ಹೋಗುವ ಮಗುವಿಗೆ ಪಾರ್ಶ್ವವಾಯು ಬಡಿಯುತ್ತದೆ. ಇದನ್ನು ಮೊದಲೇ ತಿಳಿಯಬಹುದು. ಟ್ರಾನ್ಸ್‌ಕ್ರೇನಿಯಲ್ ಡಾಪ್ಲರ್ ಎಂಬ, ಸೂಜಿಯಿಲ್ಲದ, ನೋವಿಲ್ಲದ ಸ್ಕ್ಯಾನಿಂಗಿನಲ್ಲಿ ಆ ಅಪಧಮನಿಯ ರಕ್ತದ ವೇಗ ಸೆಕೆಂಡಿಗೆ 200 ಸೆಂಟಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಪಾಯ ಹೆಚ್ಚು. ಅಂಥ ಮಕ್ಕಳಿಗೆ ಕ್ರಮವಾಗಿ ರಕ್ತ ಕೊಟ್ಟರೆ ಮೊದಲ ಪಾರ್ಶ್ವವಾಯುವಿನ ಅಪಾಯ ನೂರಕ್ಕೆ ಸುಮಾರು ತೊಂಬತ್ತರಷ್ಟು ಇಳಿಯುತ್ತದೆ ಎಂದು 1998ರ ಅಧ್ಯಯನ ತೋರಿಸಿದೆ. 2023ರ ಜುಲೈ 1ರಂದು ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ 40 ವರ್ಷದೊಳಗಿನ ಏಳು ಕೋಟಿ ಜನರ ರಕ್ತ ತಪಾಸಣೆಯ ಗುರಿಯಿದೆ. ಅದು ಒಳ್ಳೆಯ ಕೆಲಸ, ನನ್ನಂಥವರ ಪಾಲೂ ಅದರಲ್ಲಿದೆ. ಆದರೆ ಕಾಯಿಲೆ ಇದೆಯೆಂದು ಖಚಿತವಾದ ಎರಡರಿಂದ ಹದಿನಾರು ವರ್ಷದ ಪ್ರತಿಯೊಂದು ಮಗುವಿಗೂ ವರ್ಷಕ್ಕೊಮ್ಮೆ ಈ ಡಾಪ್ಲರ್ ಆಗಬೇಕು, ಅದಕ್ಕಾಗಿ ತೀರ್ಥಹಳ್ಳಿ, ಹೊಸನಗರ, ಸೊರಬದ ಹಳ್ಳಿಗಳಿಂದ ತಂದೆತಾಯಿ ಕೂಲಿ ಬಿಟ್ಟು ದೂರದ ನಗರಕ್ಕೆ ಅಲೆಯುವಂತಾಗದೆ ಜಿಲ್ಲಾ ಮಟ್ಟದಲ್ಲಿಯೇ ನಿಗದಿತ ದಿನದಂದು ಸಿಗುವಂತಾಗಬೇಕು. ಇದನ್ನು ಓದುತ್ತಿರುವ ರೇಡಿಯಾಲಜಿ ಮತ್ತು ಮಕ್ಕಳ ವಿಭಾಗದ ವೈದ್ಯರಲ್ಲಿ, ಆರೋಗ್ಯ ಇಲಾಖೆಯ ಅಧಿಕಾರಿಗಳಲ್ಲಿ ನನ್ನ ಕಳಕಳಿಯ ವಿನಂತಿ ಇದೇ.